ಬಿಳಿ ಕಾಗದದ ಸುತ್ತ ಸುತ್ತಿದ ಗಂಡು ಚಿಟ್ಟೆಗಳು

ಜಯಕ್ಕ, ಮಂಡಿನೋವು ಈಗ ಹೇಗಿದೆ? ಮುನಿರಾಜು, ಕಣ್ಣಿನ ಆಪರೇಷನ್ ಆದಮೇಲೆ ಫೋನ್ ನೋಡಬಾರದೆಂದು ಡಾಕ್ಟರ್ ಹೇಳಿದ್ದರೆ ಇದನ್ನು ಹೆಂಡತಿಯ ಕೈಲಿ ಓದಿಸಿಕೋ.

ಇಲ್ಲಿ ಅಬ್ಬಿಗೆರೆಯಲ್ಲಿ ನಮ್ಮನೆ ಹುಡುಗಿಯ ಓದಿಗೆ ನಾನೇ ಕಲ್ಲು ಹಾಕಿಬಿಡುತ್ತಿದ್ದೆ… ಅದನ್ನು ಹೇಳೋಣ ಅಂತ ಕೂತೆ.

ತಂಗಿಯ ಮಗಳು ಮೇಘನಾ ನಮ್ಮಲ್ಲೇ ಇದ್ದು ಸೋಲದೇವನಹಳ್ಳಿಯ ಕಾಲೇಜಿಗೆ ಹೋಗುತ್ತಾಳಲ್ಲ, ಅವಳದು ರೇಷ್ಮೆ ಚಿಟ್ಟೆಯ ಪ್ರಾಜೆಕ್ಟ್.

ಹೆಣ್ಣು ಚಿಟ್ಟೆ ಬಾಲದ ತುದಿಯಿಂದ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಸಿಗದ ಅದನ್ನು ಹಿಡಿದು ಗಂಡು ಹುಡುಕಿಕೊಂಡು ಬರುತ್ತದೆ. ಅದು ಯಾವ ರಾಸಾಯನಿಕವೆಂದು ಹೊರದೇಶದವರು ಎಂದೋ ಕಂಡುಹಿಡಿದಿದ್ದಾರಂತೆ. ನಮ್ಮ ನಾಟಿ ತಳಿಯಲ್ಲೂ ಅದೇನಾ ಎಂಬುದು ಇವಳ ಪ್ರಶ್ನೆ.

ಕಾಲೇಜಿನ ಮೆಷಿನ್ನು ಆ ವಾಸನೆಯನ್ನು ನಾಲ್ಕು ಭಾಗವಾಗಿ ಬಿಡಿಸಿಕೊಟ್ಟಿತು. ಇವಳಿಗೆ ಒಂದರ ಮೇಲೆ ಅನುಮಾನ. ಆದರೆ ಗಂಡು ಚಿಟ್ಟೆಯೇ ಹೂಂ ಅನ್ನಬೇಕಲ್ಲ.

ಗೂಡು ಒಡೆದು ಚಿಟ್ಟೆ ಹೊರಬರುವ ಹೊತ್ತಿಗೆ ಕಾಲೇಜಿಗೆ ರಜೆ. ಹೆಣ್ಣು ಚಿಟ್ಟೆಗಳು ನಮ್ಮ ಕೆಳಗಿನ ಕೋಣೆಗೆ ಬಂದವು, ಗಂಡುಗಳು ಟೆರೇಸಿನ ಶೀಟ್ ರೂಮಿಗೆ. "ದೊಡ್ಡಮ್ಮ, ಎರಡನ್ನೂ ದೂರ ಇಡ್ಬೇಕು" ಎಂದಿದ್ದಳು.

ನಾನು ಹುಳ ಸಾಕಿದ ಮನೆಯವಳು. ಶೀಟಿನ ಬಿಸಿಗೆ ಹುಳದ ತಟ್ಟೆ ಬಿಟ್ಟರೆ ನಮ್ಮಮ್ಮ ಆವತ್ತು ಅನ್ನ ಹಾಕುತ್ತಿರಲಿಲ್ಲ! ಮಧ್ಯಾಹ್ನ ಮೇಘನಾ ಹೊರಗೆ ಹೋದಾಗ ಗಂಡುಗಳ ತಟ್ಟೆಯನ್ನು ಕೆಳಗೆ ತಂದು, ಪರದೆ ಮುಚ್ಚಿ, ಹೆಣ್ಣುಗಳ ಪಕ್ಕದಲ್ಲೇ ತಂಪಿಗೆ ಇಟ್ಟೆ.

ಸಂಜೆ ಅವಳು ಬಂದ ಆತುರದಲ್ಲಿ ಅಲ್ಲೇ, ತನಗೆ ಅನುಮಾನವಿದ್ದ ಭಾಗದ ಒಂದು ಹನಿ ಸೋಕಿಸಿದ ಕಾಗದವನ್ನು ಗಂಡುಗಳ ಮುಂದೆ ಹಿಡಿದಳು. ಒಂದೂ ಕದಲಲಿಲ್ಲ. ಪಕ್ಕದಲ್ಲಿದ್ದ ಹೆಣ್ಣುಗಳ ತಟ್ಟೆ ಆಗ ಅವಳ ಕಣ್ಣಿಗೆ ಬಿತ್ತು.

"ಕೆಳಗ್ ಯಾಕ್ ತಂದ್ರಿ?"

"ಅಲ್ಲಿ ಸೆಕೆ ಕಣಮ್ಮ, ಬೆಂದೋಗ್ತಿದ್ವು."

"ಅಯ್ಯೋ… ಮಧ್ಯಾಹ್ನದಿಂದ ಅದೇ ವಾಸ್ನೇಲಿ ಕೂತಿದಾವೆ. ವಾಲಗದೋರ ಪಕ್ಕ ಕೂರ್ಸಿ ಪಿಸುಮಾತಲ್ಲಿ ಕರ್ದಂಗಾಯ್ತು!"

ಅವಳ ಬಳಿ ಇದ್ದದ್ದು ಅಷ್ಟೇ ಗಂಡುಗಳು. ಚಿಟ್ಟೆ ಏನೂ ತಿನ್ನುವುದಿಲ್ಲ, ಕೆಲವೇ ದಿನದ ಬಾಳು. ಉತ್ತರ ಹೇಳದೆ ಸತ್ತರೆ ಅವಳ ಪ್ರಾಜೆಕ್ಟ್ ಅರ್ಧಕ್ಕೇ ನಿಲ್ಲುತ್ತಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಟ್ಟೆಯನ್ನು ಮತ್ತೆ ಟೆರೇಸಿಗೆ ಒಯ್ದು, ಹಲ್ಲಿ, ಕಾಗೆ ಬರದಂತೆ ನನ್ನ ಹಳೇ ಕಾಟನ್ ಸೀರೆ ಹೊದಿಸಿ, ಹೆಣ್ಣುಗಳ ವಾಸನೆ ಹೋಗಲೆಂದು ಗಾಳಿಗೆ ಬಿಟ್ಟೆವು.

ಬೆಳಗಾಯಿತು. ಹೆಸರಘಟ್ಟದ ಕಡೆಯಿಂದ ತಣ್ಣನೆ ಗಾಳಿ, ಮಂಜಿನಲ್ಲಿ ಮನೆಗಳೆಲ್ಲ ತೇಲಿದ ಹಾಗೆ… ತಟ್ಟೆಯನ್ನು ಶೀಟ್ ರೂಮಿಗೆ ತಂದೆವು.

"ನೀವೇ ಇಡಿ ದೊಡ್ಡಮ್ಮ. ಯಾವ್ದರಲ್ಲಿ ಏನಿದೆ ಅಂತ ನಂಗೂ ಕಾಣ್ಬಾರ್ದು." ನಾಲ್ಕು ತುಂಡು ಕಾಗದ, ಒಂದೊಂದಕ್ಕೂ ಒಂದೊಂದು ಭಾಗದ ಹನಿ, ಗುರುತೆಲ್ಲ ಕೆಳಬದಿಗೆ. ಚಿಮಟದಲ್ಲಿ ಎತ್ತಿ ತಟ್ಟೆಯ ನಾಲ್ಕು ಮೂಲೆಗೆ ಇಟ್ಟೆ.

ಮೊದಲು ಏನೂ ಇಲ್ಲ. ನನಗೆ ಉಸಿರಾಡಲೂ ಭಯ.

ಆಮೇಲೆ ಒಂದು ಗಂಡು ಬಾಚಣಿಗೆಯಂಥ ಮೀಸೆ ಎತ್ತುತ್ತದೆ. ರೆಕ್ಕೆ ನಡುಗಿ ನಡುಗಿ ಬಿಳಿ ಹೊಗೆಯಾಗುತ್ತದೆ. ಮನೆಯಲ್ಲೇ ಸಾಕಿ ಸಾಕಿ ಇವುಗಳಿಗೆ ಹಾರುವುದೇ ಮರೆತಿದೆ. ದಾರಿ ಕೇಳುತ್ತಾ ಹೋಗುವವರ ಹಾಗೆ ಅತ್ತ ವಾಲಿ, ಇತ್ತ ವಾಲಿ ನಡೆಯುತ್ತದೆ. ಅದರ ಹಿಂದೆ ಇನ್ನೊಂದು. ಮತ್ತೊಂದು…

ಎಲ್ಲವೂ ಒಂದೇ ಕಾಗದದತ್ತ. ನೋಡಿದರೆ ಅಲ್ಲಿ ಏನೂ ಇಲ್ಲ, ಬರೀ ಬಿಳಿ. ಅದರ ಸುತ್ತ ಅವು ಸುತ್ತುತ್ತಲೇ ಇವೆ, ಕನಸಿನಲ್ಲಿ ಇರುವ ಹಾಗೆ.

"ತಿರುಗ್ಸಿ."

ತಿರುಗಿಸಿದೆ. ಅವಳು ಅನುಮಾನಪಟ್ಟದ್ದರ ಗುರುತೇ!

ಮೇಘನಾ ನೆಲದ ಮೇಲೇ ಕೂತುಬಿಟ್ಟಳು. "ಹೂಂ ಅಂದ್ವು ದೊಡ್ಡಮ್ಮ…" ಎಂದು ನಗುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ.

ಕಾಗದ ತೆಗೆದ ಮೇಲೂ ಅವು ಆ ಜಾಗ ಬಿಟ್ಟು ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ. "ಪಾಪ ಕಣೆ, ಇಂಗಾ ಮೋಸ ಮಾಡದು? ಹೆಣ್ಣುಗಳ ತಟ್ಟೆ ತರ್ಲಾ?"

"ತನ್ನಿ. ಈಗ ಎಷ್ಟ್ ಹತ್ರ ಬೇಕಾದ್ರೂ ಇಡಿ!"

ಕಣ್ಣಿಗೂ ಮೂಗಿಗೂ ಸಿಗದ ಒಂದು ಕರೆಗೆ ನೀವೂ ಎಂದಾದರೂ ಹೀಗೆ ಎದ್ದು ಹೋಗಿದ್ದೀರಾ? ನೆನಪಾದರೆ ತಡಮಾಡದೆ ಬರೆಯಿರಿ, ಕಾಯುತ್ತಿರುತ್ತೇನೆ.