ಪೂಜೆಗೆ ಮುಂಚಿನ ಮಾತ್ರೆ

ಹೊಸಹಳ್ಳಿಯ ಮೂರನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಬಸವರಾಜೇಶ್ವರಿ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾರೆ. ವಿಜಯನಗರದ ಸೀರೆ ಅಂಗಡಿಗಳಿಗೆ ಅವರು ಕುಚ್ಚಿನ ರಾಜಕ್ಕ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರು ಬೇಕಾದಷ್ಟಿದ್ದಾರೆ. ಊಟ ಆಯ್ತಾ ಅಂತ ಕೇಳುವವರಿಲ್ಲ.

ನಲವತ್ತು ದಾಟಿದ ಮೇಲೆ ಬೆರಳ ಗೆಣ್ಣುಗಳು ಊದಿದವು. ವಯಸ್ಸಿಗೆ ಕೀಲು ಸವೆದು ಬರುವ ನೋವಲ್ಲ ಇದು. ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲು ಪಡೆ ತನ್ನದೇ ಕೀಲುಗಳ ಮೇಲೆ ಬೀಳುವ ಸಂಧಿವಾತ. ಬೆಳಿಗ್ಗೆ ಎದ್ದರೆ ಕೈ ಮುಷ್ಟಿಯೂ ಆಗದು, ನೆಟ್ಟಗೆ ಬಿಚ್ಚದು. ಬಿಸಿಲೇರಿದ ಮೇಲೆ ಒಂದಿಷ್ಟು ಸಡಿಲ. ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಬರೆದರು: ಬೆಳಿಗ್ಗೆ, ತಿಂಡಿಯಾದ ಮೇಲೆ.

ಎಡವಟ್ಟಾಗಿದ್ದು ಇಲ್ಲೇ. ರಾಜಕ್ಕನ ಮನೆತನದಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಕೊರಳಲ್ಲಿ ಕಟ್ಟಿದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸಬೇಕು. ಒಂದು ಬೆಳಿಗ್ಗೆ ಆ ಮರಗಟ್ಟಿದ ಅಂಗೈಯಿಂದ ಲಿಂಗ ಜಾರಿ ಮಂಚದಡಿಗೆ ಉರುಳಿತು. ಲಿಂಗ ಬಿದ್ದರೆ ಪ್ರಾಣ ಹೋದಂತೆಯೇ ಅಂತ ಕೇಳಿ ಬೆಳೆದ ಹೆಂಗಸು ನೆಲಕ್ಕೆ ಬಿದ್ದು, ಅಳುತ್ತಾ ಹುಡುಕಿದರು. ಯಾರಿಗೂ ಹೇಳಲಿಲ್ಲ. ಅಂದಿನಿಂದ ಕೈ ಸಡಿಲವಾಗುವ ತನಕ ಕಾಯತೊಡಗಿದರು. ಪೂಜೆ ಮಧ್ಯಾಹ್ನಕ್ಕೆ ಹೋಯಿತು, ಅದರ ಹಿಂದೆ ತಿಂಡಿ, ತಿಂಡಿಯ ಹಿಂದೆ ಮಾತ್ರೆ. ಸೋಮವಾರ ಉಪವಾಸ, ಮಾತ್ರೆಯೇ ಇಲ್ಲ. ಕೈ ಬಿಚ್ಚಲು ಮಾತ್ರೆ ಬೇಕು. ಮಾತ್ರೆ ನುಂಗಲು ಪೂಜೆಯಾಗಬೇಕು. ಪೂಜೆಗೆ ಕೈ ಬೇಕು.

"ಮಾತ್ರೆ ತಗೋತಿದೀರಾ?" ಅಂತ ಡಾಕ್ಟರು ತಲೆ ಎತ್ತದೆ ಕೇಳಿದರು.

"ತಗೋತಿದೀನಿ ಸಾರ್."

ನೋವು ಇಳಿದಿಲ್ಲವೆಂದು ಡೋಸ್ ಏರಿತು. ಅದರಿಂದ ಮುಖ ಊದಿತು. ಬಸವೇಶ್ವರನಗರದಲ್ಲಿರುವ ಅಣ್ಣ ಚನ್ನವೀರೇಶನ ಮನೆಗೆ ಹೋದಾಗ ಅತ್ತಿಗೆ ಎಲ್ಲರೆದುರು ಅಂದರು: "ಏನೇ ರಾಜಿ, ಕಾಯಿಲೆ ಕಾಯಿಲೆ ಅಂತೀಯ, ಮುಖ ನೋಡಿದ್ರೆ ದಿನಾ ಮದುವೆ ಊಟ ಉಂಡಂಗಿದೆ!" ಎಲ್ಲರೂ ನಕ್ಕರು. ರಾಜಕ್ಕನೂ ನಕ್ಕರು. ಮರುದಿನದಿಂದ ಮಾತ್ರೆ ನಿಲ್ಲಿಸಿಬಿಟ್ಟರು.

ವಾರ ಕಳೆಯುವುದರೊಳಗೆ, ಸೀರೆ ಚೀಲ ಹಿಡಿದು ಮೆಟ್ರೋ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದರು. ಯಾರೋ ಫೋನ್ ತೆಗೆದು ವಿಡಿಯೋ ಮಾಡಿದರಂತೆ. ಇನ್ಯಾರೋ ಪುಣ್ಯಾತ್ಮರು ಆಟೋ ಹತ್ತಿಸಿದರು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಅನಘಾ, ಇನ್ನೂ ಚಿಕ್ಕ ವಯಸ್ಸಿನವರು. "ಆಂಟಿ, ಮಾತ್ರೆ ಎಷ್ಟೊತ್ತಿಗೆ ತಗೋತಿದ್ರಿ?" ಅಂದರು.

ಆ ಒಂದು ಪ್ರಶ್ನೆಗೆ ರಾಜಕ್ಕ ಎಲ್ಲವನ್ನೂ ಹೇಳಿಬಿಟ್ಟರು, ಲಿಂಗ ಬಿದ್ದದ್ದನ್ನೂ.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಕಣಮ್ಮ."

ಅನಘಾ ಮಂಚದ ಅಂಚಿಗೆ ಕೂತರು. "ನೋಡಿ, ನಿಮ್ಮ ಮೈಯೂ ಇಂಥದ್ದೇ ಒಂದು ಹಾರ್ಮೋನ್ ಮಾಡುತ್ತೆ, ಬೆಳಗಿನ ಹೊತ್ತು ಜಾಸ್ತಿ. ಅದನ್ನ ಹಿಡ್ಕೊಳ್ಳೋಕೆ ಜೀವಕೋಶದೊಳಗೆ ರಿಸೆಪ್ಟರ್ ಅಂತ ಒಂದು ಪ್ರೋಟೀನ್ ಕಾದಿರುತ್ತೆ. ಮಾತ್ರೆಯ ಔಷಧಿ ಅದರ ಜೊತೆ ಸೇರ್ಕೊಂಡು ಕೋಶದ ನ್ಯೂಕ್ಲಿಯಸ್‌ಗೆ ಹೋಗುತ್ತೆ. ಊತ ತರಿಸೋ ಜೀನ್‌ಗಳು ಅಲ್ಲಿರ್ತಾವೆ. ಅವನ್ನ ತಣ್ಣಗೆ ಮಾಡುತ್ತೆ."

"ಬಾಗಿಲಲ್ಲಿ ನಿಂತು ಕೂಗಾಡಲ್ಲ, ಒಳಗೇ ಹೋಗಿ ಬುದ್ಧಿ ಹೇಳುತ್ತೆ ಅನ್ನಿ."

"ಹೂಂ, ಅದಕ್ಕೇ ಹೊತ್ತು ಹಿಡಿಯುತ್ತೆ. ಇನ್ನೊಂದು ಆಂಟಿ, ತುಂಬಾ ದಿನ ಮಾತ್ರೆ ತಗೊಂಡ್ರೆ ಮೈ ತನ್ನ ಹಾರ್ಮೋನ್ ಮಾಡೋದನ್ನ ಕಮ್ಮಿ ಮಾಡ್ಬಿಡುತ್ತೆ. ಆಗ ನೀವಾಗೇ ಥಟ್ ಅಂತ ನಿಲ್ಲಿಸಿದ್ರೆ ಪ್ರಾಣಕ್ಕೇ ಬರುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಏನಾದ್ರೂ ತಿಂದು ತಗೊಳ್ಳಿ."

"ಪೂಜೆ?"

"ಅದು ನಂಗೆ ಗೊತ್ತಿಲ್ಲ ಆಂಟಿ."

ಪ್ರಾಮಾಣಿಕ ಉತ್ತರ. ಆದರೆ ಗೊತ್ತಿರಬೇಕಾದವರು ಎಲ್ಲಿದ್ದರು? 'ತಿಂಡಿಯಾದ ಮೇಲೆ' ಅಂತ ಗೀಚುವವರಿಗೆ ನಿಮ್ಮ ತಿಂಡಿ ಎಷ್ಟೊತ್ತಿಗಮ್ಮ ಅಂತ ಕೇಳಲು ಪುರುಸೊತ್ತಿಲ್ಲ. ಮೈಕ್ ಸಿಕ್ಕರೆ ಗಂಟೆಗಟ್ಟಲೆ ಆಚಾರ ಹೇಳುವವರಿಗೆ, ಕೈ ಬಿಚ್ಚದವಳು ಏನು ಮಾಡಬೇಕು ಅಂತ ಒಂದು ಮಾತು ಹೇಳಲು ಬಾಯಿಲ್ಲ. ತೀರ್ಮಾನ ಮಾಡಲು ಉಳಿದವಳು ಒಬ್ಬಂಟಿ ಹೆಂಗಸು.

ಮನೆಗೆ ಬಂದ ಮೊದಲ ಬೆಳಿಗ್ಗೆ ರಾಜಕ್ಕ ತಟ್ಟೆಯಲ್ಲಿ ಎರಡು ಇಡ್ಲಿ ಇಟ್ಟುಕೊಂಡು ಕೂತರು. ತುತ್ತು ತುಟಿಯ ತನಕ ಬಂದು ವಾಪಸ್ ಹೋಯಿತು. ಹುಟ್ಟಿದಾಗಿನಿಂದ ಮಾಡದ್ದು. ಕೊನೆಗೆ ಕಣ್ಣು ಮುಚ್ಚಿ ನುಂಗಿದರು. ಮಾತ್ರೆಯನ್ನೂ ನುಂಗಿದರು. ಕೆಲವು ದಿನ ಹೀಗೇ ನಡೆದ ಮೇಲೆ ಕೈ ಬೇಗ ಬಿಚ್ಚತೊಡಗಿ, ಪೂಜೆ ಮತ್ತೆ ಬೆಳಗಿನ ಹೊತ್ತಿಗೇ ಬಂತು.

ಆಮೇಲೆ ಅಣ್ಣನ ಮೊಮ್ಮಗುವಿಗೆ ಲಿಂಗ ಕಟ್ಟುವ ಶಾಸ್ತ್ರ. ಬೆಳಿಗ್ಗೆ ಬೇಗನೆ ಹೋದರು. ಬಂದವರಿಗೆ ಎಲೆ ಹಾಕುವ ಮುಂಚೆ ಕೇಳುವ ಮಾತೊಂದಿದೆಯಲ್ಲ, ಅತ್ತಿಗೆ ಅದನ್ನೇ ಕೇಳಿದರು: "ಪೂಜೆ ಆಯ್ತೇನೇ? ತಿಂಡಿಗೆ ಕೂತ್ಕೋ."

"ತಿಂಡಿ ಮನೇಲೇ ಆಯ್ತು ಅತ್ತಿಗೆ, ಮಾತ್ರೆ ಇತ್ತು. ಪೂಜೆ ಆಮೇಲೆ ಮಾಡ್ಕೋತೀನಿ."

ಪಂಕ್ತಿಯಲ್ಲಿ ಕೂತವರ ಕೈಗಳು ನಿಂತವು.

"ತಿಂದ ಬಾಯಲ್ಲಿ ಲಿಂಗ ಮುಟ್ತೀಯಾ? ನಾಚಿಕೆ ಇಲ್ದೆ ಹೇಳ್ತೀಯಲ್ಲ! ಇವತ್ತು ಮಗು ಹತ್ರ ಬರ್ಬೇಡ ತಾಯಿ" ಅಂದರು ಅತ್ತಿಗೆ.

ರಾಜಕ್ಕ ಚಪ್ಪಲಿ ಮೆಟ್ಟಿದರು. ಅಣ್ಣ ಗೇಟಿನ ತನಕ ಬಂದ. "ಆಯ್ತು ಅಂತ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಡಾಕ್ಟ್ರಿಗೆ ಹೇಳಿದ ಸುಳ್ಳೇ ಸಾಕಾಗಿದೆ ಅಣ್ಣ."

ಅವನು ಒಳಗೆ ಹೋದ. ಆ ಮನೆಯಿಂದ ಇವತ್ತಿನ ತನಕ ಫೋನ್ ಬಂದಿಲ್ಲ.

ರಾಜಕ್ಕ ಈಗಲೂ ಬೆಳಿಗ್ಗೆ ಎದ್ದು, ತಿಂದು, ಮಾತ್ರೆ ನುಂಗಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವು ಬಿಚ್ಚುವುದನ್ನೇ ಕಾಯುತ್ತಾ ಕೂರುತ್ತಾರೆ. ಒಬ್ಬರೇ.