ಅಪ್ಪನ ಹಗ್ಗ, ಅಮ್ಮನ ಜಗುಲಿ

ಕುಶಾಲನಗರದಲ್ಲಿ ನಾವಿದ್ದ ಬಾಡಿಗೆ ಮನೆಯ ಬಾಗಿಲು ನೇರ ರಸ್ತೆಗೇ ತೆರೆಯುತ್ತಿತ್ತು. ಯಾರೇ ಬಂದರೂ ಅಮ್ಮ ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಕಳಿಸುತ್ತಿದ್ದಳು. ಊರಾಚೆ ಸೈಟು ಕೊಂಡಾಗ ಅವಳು ಕೇಳಿದ್ದು ಒಂದೇ: "ಮಿಕ್ಕಿದ್ದು ಹೆಂಗಾದ್ರೂ ಕಟ್ಕೊಳ್ಳಿ. ಬಂದೋರು ಕೂರಕ್ಕೆ ಒಂದು ಜಗುಲಿ ಬೇಕು."

ಪಂಚಾಯಿತಿ ಲೈಸೆನ್ಸಿನ ಓಡಾಟ ನನ್ನ ತಲೆಗೆ ಬಿತ್ತು. ಪತ್ರದ ಪ್ರಕಾರ ಸೈಟಿನ ಉದ್ದ ನಲವತ್ತು ಅಡಿ. ಅಪ್ಪ ನಂಬಬೇಕಲ್ಲ! ಹಾಸನದ ಕಡೆಯಿಂದ ಬಂದು ವರ್ಷಾನುಗಟ್ಟಲೆ ಶುಂಠಿ ಬೆಳೆದವರು. ಶುಂಠಿಯ ಮಡಿ ಅಳೆಯಲು ಎರಡೆರಡು ಅಡಿಗೆ ಗಂಟು ಹಾಕಿದ ನೈಲಾನ್ ಹಗ್ಗ ಅವರ ಬಳಿ ಇತ್ತು. ಅದನ್ನೇ ಬಿಗಿಯಾಗಿ ಎಳೆದು ಗಂಟು ಎಣಿಸಿದರು. ಮೂವತ್ತೆಂಟೇ ಅಡಿ.

"ಕಾಗ್ದ ಸುಳ್ಳು ಹೇಳ್ಬೋದು, ನನ್ ಹಗ್ಗ ಹೇಳಲ್ಲ. ಹಿಂದ್ಗಡೆ ಬೇಲಿ ನಮ್ಮೊಳಕ್ಕೆ ಬಂದೈತೆ."

ಅವತ್ತಿನಿಂದ ಹಿಂದ್ಗಡೆ ಸೈಟಿನ ಟೈಲರ್ ಜೊತೆ ಅಪ್ಪನ ಮಾತು ನಿಂತಿತು. ಜಗಳ ಯಾಕೆಂದು ಮೂವತ್ತೆಂಟು ಅಡಿಗೇ ನಕ್ಷೆ ಬರೆಸಿದರು. ರಸ್ತೆಯ ಕಡೆ, ಹಿಂದುಗಡೆ ಕಾನೂನಿನಂತೆ ಜಾಗ ಬಿಟ್ಟ ಮೇಲೆ ಜಗುಲಿಯೇ ಹಾರಿಹೋಯಿತು. ನನಗೆ ಮೈಯೆಲ್ಲ ಉರಿಯಿತು. ಆದರೂ ಅಪ್ಪನ ಹಗ್ಗದ ಎದುರು ಟೇಪು ಹಿಡಿಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು?

ಆ ಧೈರ್ಯ ಸ್ಥಳ ಪರಿಶೀಲನೆಗೆ ಬಂದ ಪಂಚಾಯಿತಿಯವರಿಗೆ ಇತ್ತು. ಟೇಪು ಎಳೆದರು. ನಲವತ್ತು. ಅಪ್ಪ ಇನ್ನೊಮ್ಮೆ ಎಳೆಸಿದರು. ಮತ್ತೆ ನಲವತ್ತು. ಕೊನೆಗೆ ಹಗ್ಗವನ್ನೇ ಟೇಪಿನ ಪಕ್ಕ ಹಿಡಿದು ನೋಡಿದರೆ, ಗಂಟಿನಿಂದ ಗಂಟಿಗೆ ಎರಡು ಅಡಿಯ ಮೇಲೆ ಒಂದಿಂಚು ಚಿಲ್ಲರೆ! ವರ್ಷವರ್ಷವೂ ಎಳೆಸಿಕೊಂಡು ಹಗ್ಗ ಹಿಗ್ಗಿತ್ತು.

ಬೇಲಿಯಾಚೆ ನಿಂತಿದ್ದ ಟೈಲರ್ ನಕ್ಕುಬಿಟ್ಟರು. "ಹಳೇ ಎಲಾಸ್ಟಿಕ್ ಆಗ್ಬಿಟ್ಟಿದೆ ಅಣ್ಣ ಇದು!"

"ಅದ್ಕೇ ಕಣ್ರೀ, ಪ್ರತಿ ವರ್ಷ ಬಿತ್ತನೆ ಶುಂಠಿ ಸಾಲ್ತಿರ್ಲಿಲ್ಲ!" ಎಂದು ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ನಕ್ಷೆ ತಿದ್ದಿಸಿ ಕೊಟ್ಟೆವು. ಲೈಸೆನ್ಸ್ ಕೈಗೆ ಬಂದಾಗ ಅದರ ಜೊತೆಗಿದ್ದ ನಕ್ಷೆಯಲ್ಲಿ ಜಗುಲಿ ಇತ್ತು. ನನಗೆ ಹಿಡಿಸಲಾರದಷ್ಟು ಖುಷಿ. ಪಾಯ ತೆಗೆಯಲು ಮೇಸ್ತ್ರಿ ನೆಲದ ಮೇಲೆ ಸುಣ್ಣದ ಗೆರೆ ಎಳೆದ ಬೆಳಿಗ್ಗೆ ಅಮ್ಮ ಫ್ಲಾಸ್ಕಿನಲ್ಲಿ ಕಾಫಿ, ಮೂರು ಪ್ಲಾಸ್ಟಿಕ್ ಸ್ಟೂಲು ತಂದಳು. ಜಗುಲಿ ಬರುವ ಗೆರೆಯೊಳಗೆ ಅವನ್ನು ಹಾಕಿ ಮೊದಲು ಕರೆದದ್ದು ಟೈಲರನ್ನು.

"ಬನ್ನಿ ಅಣ್ಣ, ಕೂತ್ಕೊಳ್ಳಿ."

ಅಪ್ಪ ಸ್ವಲ್ಪ ದೂರದಲ್ಲಿ ಕಲ್ಲು ಎಣಿಸುವವರಂತೆ ನಿಂತಿದ್ದರು. ಕೊನೆಗೆ ಮೆಲ್ಲಗೆ ಬಂದು ಗೆರೆ ದಾಟಲು ಕಾಲೆತ್ತಿದರು.

"ರೀ, ಚಪ್ಪಲಿ!" ಎಂದಳು ಅಮ್ಮ.

ಅಪ್ಪ ಚಪ್ಪಲಿಯನ್ನು ಗೆರೆಯಾಚೆ ಬಿಟ್ಟು, ಬರಿಗಾಲಲ್ಲಿ ಬಂದು ಟೈಲರ್ ಪಕ್ಕ ಕುಳಿತರು.