ಯಾವ ಮದುವೆ ವಿಡಿಯೋದಲ್ಲೂ ಇಲ್ಲದ ಭಾವ

ನಮ್ಮ ಭಾವನ ಬಲಭುಜ ಎಡಕ್ಕಿಂತ ಒಂದು ಗೇಣು ತಗ್ಗು. ಹರೆಯದಿಂದಲೂ ಮದುವೆಮನೆಗಳಲ್ಲಿ ಆ ಭುಜದ ಮೇಲೆ ದಪ್ಪ ಕ್ಯಾಮೆರಾ ಹೊತ್ತದ್ದರ ಫಲ. ನಂಜನಗೂಡಿನಲ್ಲಿ ಸ್ಟುಡಿಯೋ, ಮೂಗೂರಿನಲ್ಲಿ ಮನೆ, ಮೂಗಿನ ತುದಿಯಲ್ಲಿ ಕೋಪ. ನನ್ನಂಥ ಕೀಟಲೆಗಾರನಿಗೆ ಅಕ್ಕನ ಗಂಡ ಇನ್ನು ಹೇಗಿರಬೇಕು!

ಮುದುಕನಾದ ಮೇಲೆ ನನ್ನ ತರಲೆಗಳನ್ನು ವಿಡಿಯೋ ಮಾಡಿ ಲೋಕಕ್ಕೆ ತೋರಿಸಲು ಹೊರಟೆ. ಎರಡು ತಾಲ್ಲೂಕಿನಲ್ಲಿ ನನ್ನಷ್ಟು ನಗಿಸುವವನಿಲ್ಲ, ಅದು ಹಾಳಾಗಬಾರದಲ್ಲ. ಎಡಿಟಿಂಗಿಗೆ ಕಂಪ್ಯೂಟರ್ ಆರಿಸಲು ಭಾವನನ್ನು ಮೈಸೂರಿನ ಅಂಗಡಿಗೆ ಕರೆದೊಯ್ದೆ. ಬೈಗುಳ ಗ್ಯಾರಂಟಿ ಎಂದು ಮೊದಲೇ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಅದರ ಕ್ಯಾಮೆರಾ ಆಚೆ ಇಣುಕುವಂತೆ ಜೇಬಿಗೆ ಇಳಿಸಿದ್ದೆ.

ಅಂಗಡಿಯವನು ಕೆಂಪು ನೀಲಿ ದೀಪ ಮಿನುಗುವ ಡಬ್ಬ ತೋರಿಸಿದ. ಭಾವ ಸಿಡಿದರು.

“ಇದೇನು ಕಂಪ್ಯೂಟರೋ ಆರ್ಕೆಸ್ಟ್ರಾ ಸ್ಟೇಜೋ? ಲೈಟು ಅತ್ಲಾಗಿರ್ಲಿ, ರ್‍ಯಾಮ್ ಎಷ್ಟದೆ ಹೇಳು.”

“ಎಡಿಟಿಂಗ್ ಸಾಫ್ಟ್‌ವೇರ್ ಕಾಪಿನೂ ಹಾಕ್ಕೊಡ್ತೀನಿ ಸಾರ್.”

“ಕದ್ದಿದ್ದು ಬ್ಯಾಡ. ಪುಗಸಟ್ಟೆ ಸಿಗೋ ಒಳ್ಳೇದೇ ಅದೆ, ಅದ್ರಲ್ಲಿ ಕಲೀಲಿ.” ನನ್ನತ್ತ ತಿರುಗಿದರು. “ಲೇ, ಮೊದ್ಲು ಏನ್ ಕುಯ್ತೀಯ ಅಂತ ಗೊತ್ತುಮಾಡ್ಕೊ, ಆಮೇಲೆ ಮಚ್ಚು ತಕ್ಕೊ. ನೀನು ಜಾರಿ ಬೀಳೋ ವಿಡಿಯೋಗೆ ಮದ್ವೆ ಚಪ್ರ ಯಾಕ್ಲಾ?”

ದೀಪಗೀಪ ಇಲ್ಲದ ಕಪ್ಪು ಡಬ್ಬ, ಬಣ್ಣದಲ್ಲಿ ಸುಳ್ಳು ಹೇಳದ ಪರದೆ ಕೊಡಿಸಿದರು.

ಈ ವರ್ಷ ಭಾವ ಹೋದರು. ತಿಥಿಗೆ ಅವರ ತಮ್ಮನ ಮಗ ಫೋನಿನ ಯಾವುದೋ ಆ್ಯಪಿನಲ್ಲಿ ವಿಡಿಯೋ ಮಾಡಿ ತಂದ. ಉದುರುವ ಗುಲಾಬಿ, ಉರಿಯುವ ಮೇಣದಬತ್ತಿ, ಅಳುವ ಪಿಟೀಲು, ನಡುವೆ ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ಆ ಭುಜವೇ ಇಲ್ಲ! ನನ್ನ ಮೈಯೆಲ್ಲ ಉರಿದುಹೋಯಿತು. ಊರೂರಿನ ಮದುವೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಡಿಟ್ ಮಾಡಿದ ಮನುಷ್ಯನಿಗೆ ಇಂಥ ಹೊಲಸು!

“ಅವ್ರ ದನಿ ಎಲ್ಲಪ್ಪ? ಒಂದ್ಸಲ ಕೇಳ್ಸು,” ಎಂದಳು ಅಕ್ಕ.

“ದನಿ ಎಲ್ಲಿಂದ ತರ್ಲಿ ದೊಡ್ಡವ್ವ? ದೊಡ್ಡಪ್ಪ ಯಾವ ವಿಡಿಯೋದಲ್ಲೂ ಇಲ್ವಲ್ಲ.”

ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. ಹುಡುಗನ ಮೇಲಿದ್ದ ಸಿಟ್ಟು ನಮ್ಮೆಲ್ಲರ ಮೇಲೆ ತಿರುಗಿತು. ಕ್ಯಾಮೆರಾ ಹಿಡಿದವನನ್ನು ಯಾರೂ ಹಿಡಿದಿರಲಿಲ್ಲ, ನನ್ನ ಜೇಬೊಂದನ್ನು ಬಿಟ್ಟು.

ಮನೆಗೆ ಹೋಗಿ, ಅದೇ ಸಿಟ್ಟಿನಲ್ಲಿ ಕಪ್ಪು ಡಬ್ಬದ ಮುಂದೆ ಕೂತು, ಅಂದು ಜೇಬಿನಿಂದ ಹಿಡಿದ ರೆಕಾರ್ಡಿಂಗ್ ತೆರೆದೆ. ಅಂಗಡಿಯವನ ಮಾತು ಕತ್ತರಿಸಿದೆ, ನನ್ನ ಕಿಸಕಿಸ ಕತ್ತರಿಸಿದೆ. ಹೂವಿಲ್ಲ, ಪಿಟೀಲಿಲ್ಲ. ಬೈಗುಳವನ್ನು ಮುಟ್ಟಲಿಲ್ಲ.

ಮೂಗೂರಿನ ಪಡಸಾಲೆಯಲ್ಲಿ ನೆಂಟರ ಮುಂದೆ ಅದನ್ನು ಹಾಕಿದೆ. ತಗ್ಗಿದ ಭುಜ ಪರದೆ ತುಂಬ ಬಂತು. “ಮದ್ವೆ ಚಪ್ರ ಯಾಕ್ಲಾ?” ಎಂದು ಭಾವ ಗುಡುಗಿದ್ದೇ ತಡ, ಅಕ್ಕ ಅಭ್ಯಾಸಬಲದಿಂದ ಗದರಿದಳು:

“ಸಾಕು ಸುಮ್ಕಿರಿ, ನೆಂಟ್ರು ಅವ್ರೆ.”